ಚದುರಂಗದಲ್ಲಿ ಆರಂಭದ ವಿವೇಕ

ಚದುರಂಗವು ಭಾರತೀಯರು ಲೋಕಕ್ಕೆ ಕೊಟ್ಟ ಬುದ್ಧಿವಿನೋದಗಳಲ್ಲಿ ಅಗ್ರಗಣ್ಯವಾದುದೆಂಬುದು ಸರ್ವವಿದಿತವಾದ ಸಂಗತಿ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳುಳ್ಳ ಸೇನೆಯೇ ಚತುರಂಗ. ಆ ಸಂಸ್ಕೃತ ಶಬ್ದದ ತದ್ಭವವೇ ನಮ್ಮ ಚದುರಂಗ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜಯೋಗ್ಯವಾದ ವಿನೋದಗಳ ಸಾಲಿನಲ್ಲಿ ಇದಕ್ಕೂ ಸ್ಥಾನ ದೊರೆತಿದೆ. ನಮ್ಮ ಮೈಸೂರಿಗಂತೂ ಈ ಆಟದೊಡನೆ ವಿಶೇಷವಾದ ನಂಟುಂಟು. 1794ರಲ್ಲಿ ಜನಿಸಿ 1868ರಲ್ಲಿ ಕೀರ್ತಿಶೇಷರಾದ ಮುಮ್ಮಡಿ ಕೃಷ್ಣರಾಜ ಒಡೆಯರವರು ಚದುರಂಗದ ಕುದುರೆಯನ್ನು 64 ಮನೆಗಳಲ್ಲಿಯೂ ಒಂದೊಂದು ಸಲ ಮಾತ್ರ ಇಳಿಯುವಂತೆ ನಡೆಸುವ ಚಮತ್ಕಾರದಲ್ಲಿ ನಿಷ್ಣಾತರಾಗಿದ್ದರು. ಅಲಂಕಾರಶಾಸ್ತ್ರಜ್ಞರು ತುರಗಬಂಧವೆಂದು ಕರೆಯುವ ಚಿತ್ರಕಾವ್ಯದ ಮರ್ಮವೂ ಇದೇ. 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕಡೆಯದಾದ ಕೌತುಕನಿಧಿಯೂ, ಜಗನ್ಮೋಹನ ಅರಮನೆಯ ಗೋಡೆಗಳ ಮೇಲಿನ ಆಟದ ಚಿತ್ರಗಳೂ ಆ ಪ್ರಭುಗಳ ಕ್ರೀಡಾಪ್ರೇಮಕ್ಕೆ ಸಾಕ್ಷಿಗಳಾಗಿವೆ. ಇದೇ ನಗರದ ಎಂ. ಎಸ್. ತೇಜ್‌ಕುಮಾರ್ ಅವರು 2017ರಲ್ಲಿ ಗ್ರಾಂಡ್‌ಮಾಸ್ಟರ್ ಪದವಿಯನ್ನು ಪಡೆದು, ಕರ್ನಾಟಕದಲ್ಲಿ ಆ ಗೌರವಕ್ಕೆ ಪಾತ್ರರಾದವರಲ್ಲಿ ಮೊದಲಿಗರಾದರು. 2019ರಲ್ಲಿ ಗಿರೀಶ್ ಕೌಶಿಕ್ ಅವರೂ ಆ ಪದವಿಗೇರಿದರು.

ಇಂದು ನಮ್ಮ ಊರಿನ ಅನೇಕ ಬಾಲಕ ಬಾಲಕಿಯರು ಚದುರಂಗವನ್ನು ಕ್ರಮವಾಗಿ ಅಭ್ಯಾಸ ಮಾಡುತ್ತಿದ್ದಾರೆ. ಅವರಲ್ಲಿ ಹಲವರು ಮೊದಲ ಹತ್ತು ಹದಿನೈದು ನಡೆಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿ, ಅಷ್ಟರಿಂದಲೇ ಗೆಲವು ಕೈಸೇರುವುದೆಂದು ನಂಬಿರುವುದುಂಟು. ಲೋಕದ ಅಗ್ರಶ್ರೇಣಿಯ ಆಟಗಾರರು ತಮ್ಮ ಆರಂಭವನ್ನು ಹೇಗೆ ಆರಿಸಿಕೊಳ್ಳುತ್ತಾರೆ, ಆರಿಸಿಕೊಂಡುದನ್ನು ಹೇಗೆ ನಿರ್ವಹಿಸುತ್ತಾರೆ ಎಂಬುದನ್ನು ಪರಿಶೀಲಿಸಿದರೆ ಈ ನಂಬಿಕೆಯು ಎಷ್ಟರಮಟ್ಟಿಗೆ ಸಾಧುವೆಂಬುದು ತಾನಾಗಿಯೇ ವಿಶದವಾಗುವುದು.

ಆಟದ ಮೊದಲಿಗೆ ಬಿಳಿಯ ಪಕ್ಷದವನಿಗೆ ಸಾಧ್ಯವಿರುವ ನಡೆಗಳು 20. ಪದಾತಿಗಳಿಂದ 16, ಕುದುರೆಗಳಿಂದ 4. ಕರಿಯ ಪಕ್ಷದವನಿಗೂ ಅಷ್ಟೇ. ಆದುದರಿಂದ ಒಂದೊಂದು ನಡೆ ಮುಗಿಯುವಷ್ಟರಲ್ಲಿಯೇ 400 ಬಗೆಯ ಸ್ಥಿತಿಗಳು ಒದಗುತ್ತವೆ. ಇಬ್ಬರೂ ಎರಡೆರಡು ನಡೆ ನಡೆಸಿದರೆಂದರೆ ಆ ನಡೆಗಳ ಕ್ರಮಗಳು 1,97,281 ಆಗುತ್ತವೆ. ಈ ಅರಣ್ಯದಲ್ಲಿ ಹಿಂದಿನವರು ನಡೆದು ಸವೆಸಿದ ಕಾಲುದಾರಿಗಳೇ ಆರಂಭಕ್ರಮಗಳು. 1970ರ ದಶಕದಿಂದ ಬೆಲ್‌ಗ್ರೇಡ್ ನಗರದಲ್ಲಿ ಪ್ರಕಟವಾದ ವಿಶ್ವಕೋಶವು ಇವುಗಳನ್ನು ಐದು ಸಂಪುಟಗಳಲ್ಲಿ 500 ವಿಭಾಗಗಳಾಗಿ ವಿಂಗಡಿಸಿತು. ಅಷ್ಟನ್ನೂ ಒಬ್ಬನು ಸಂಪೂರ್ಣವಾಗಿ ಧಾರಣೆ ಮಾಡುವುದು ಅಸಾಧ್ಯ. ಆದುದರಿಂದಲೇ ಆಯ್ಕೆಯೆಂಬುದು ಅನಿವಾರ್ಯವಾಯಿತು.

ಆಯ್ಕೆಗೆ ಮೊದಲು ತಿಳಿದಿರಬೇಕಾದ ಸಾಮಾನ್ಯ ನಿಯಮಗಳು ಮೂರು. ಹಲಗೆಯ ನಡುವಣ ಮನೆಗಳನ್ನು ವಶದಲ್ಲಿಟ್ಟುಕೊಳ್ಳಬೇಕು. ಕುದುರೆ, ಒಂಟೆಗಳನ್ನು ಕಾಲವಿಳಂಬವಿಲ್ಲದೆ ಹೊರತರಬೇಕು. ರಾಜನನ್ನು ಕ್ಯಾಸ್ಲಿಂಗ್ ಎಂಬ ನಡೆಯಿಂದ ಬೇಗನೆ ಮೂಲೆಯ ಆಶ್ರಯಕ್ಕೆ ಸೇರಿಸಬೇಕು. ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ ಇವು ಉತ್ಸರ್ಗಗಳು. ಉತ್ಸರ್ಗವಿದ್ದೆಡೆ ಅಪವಾದವೂ ಇರುವುದು ಶಾಸ್ತ್ರಸ್ವಭಾವ. ಉತ್ಸರ್ಗವನ್ನು ಮಾತ್ರ ಬಲ್ಲವನು ವಿದ್ಯಾರ್ಥಿ. ಅಪವಾದವು ಎಲ್ಲಿ ಪ್ರವರ್ತಿಸುವುದು, ಏಕೆ ಪ್ರವರ್ತಿಸುವುದು ಎಂಬುದನ್ನು ಬಲ್ಲವನು ವಿದ್ವಾಂಸ.

ಇಂತಹ ಒಂದು ಅಪವಾದವು ನಮ್ಮ ದೇಶದ ಹೆಸರನ್ನೇ ಹೊತ್ತಿರುವುದನ್ನು ಇಲ್ಲಿ ಸ್ಮರಿಸಬಹುದು. ನಮ್ಮ ಹಳೆಯ ಆಟದಲ್ಲಿ ಪ್ರಾಂತಭೇದದಿಂದ ನಿಯಮಭೇದಗಳಿದ್ದರೂ, ಪದಾತಿಯು ಮೊದಲ ನಡೆಯಲ್ಲಿ ಕೂಡ ಒಂದೇ ಮನೆ ಮುಂದುವರಿಯುವುದು ಸಾಮಾನ್ಯವಾದ ರೂಢಿಯಾಗಿತ್ತು. ಪಾಶ್ಚಾತ್ಯರ ಪದಾತಿಯು ಎರಡು ಮನೆ ಹಾರಬಲ್ಲದು. 19ನೆಯ ಶತಮಾನದ ಮಧ್ಯಭಾಗದಲ್ಲಿ ಕಲ್ಕತ್ತೆಯಲ್ಲಿ ವಕೀಲರಾಗಿದ್ದ ಜಾನ್ ಕಾಕ್ರೇನ್ ಅವರೊಡನೆ ಮಹೇಶಚಂದ್ರ ಬ್ಯಾನರ್ಜಿ ಎಂಬ ಬಂಗಾಳಿ ಆಟಗಾರರು ನೂರಾರು ಆಟಗಳನ್ನಾಡಿದರು. ಪಾಶ್ಚಾತ್ಯ ನಿಯಮಗಳಿಗೆ ಒಳಪಟ್ಟರೂ ಅವರು ದೇಶೀಯ ಸಂಸ್ಕಾರವನ್ನು ಬಿಡಲಿಲ್ಲ. ಪದಾತಿಗಳನ್ನು ಒಂದೊಂದೇ ಮನೆ ನಡೆಸಿ, ಒಂಟೆಯನ್ನು ಪಾರ್ಶ್ವದಲ್ಲಿಟ್ಟು, ನಡುವಣ ಮನೆಗಳನ್ನು ಮೊದಲು ಎದುರಾಳಿಗೇ ಬಿಟ್ಟುಕೊಟ್ಟು, ಅನಂತರ ದೂರದಿಂದ ಅವುಗಳ ಮೇಲೆ ಬೀಳುವುದು ಅವರ ಪದ್ಧತಿ. ಅಂದಿನ ಯುರೋಪಿನ ಪಂಡಿತರಿಗೆ ಇದು ವಿಚಿತ್ರವೆನಿಸಿತು. 20ನೆಯ ಶತಮಾನದಲ್ಲಾದರೋ ಇದೇ ತತ್ತ್ವವು ಶಾಸ್ತ್ರಸಮ್ಮತವಾಗಿ, ಭಾರತೀಯ ರಕ್ಷಣೆಗಳೆಂಬ ಹೆಸರಿನಿಂದ ಲೋಕವಿಖ್ಯಾತವಾಯಿತು. ನಡುವನ್ನು ಆಕ್ರಮಿಸದೆಯೂ ನಡುವನ್ನು ಆಳಬಹುದೆಂಬುದೇ ಅದರ ಮರ್ಮ.

ಈಗ ಆಯ್ಕೆಯ ವಿಚಾರ. ಉತ್ತಮ ಆಟಗಾರನು ಯಾವ ಆರಂಭವು ಶ್ರೇಷ್ಠವೆಂದು ಕೇಳುವುದಿಲ್ಲ. ಯಾರ ಎದುರಿಗೆ, ಯಾವ ಪ್ರಯೋಜನಕ್ಕೆ, ತನ್ನಂಥವನಿಗೆ ಯಾವುದು ತಕ್ಕುದೆಂದು ಕೇಳುತ್ತಾನೆ. ಎದುರಾಳಿಯ ಸ್ವಭಾವ, ಸಂದರ್ಭದ ಅಗತ್ಯ, ತನ್ನ ಸ್ವಭಾವ ಈ ಮೂರೂ ಅವನ ಲೆಕ್ಕದಲ್ಲಿರುತ್ತವೆ.

ಮೊದಲನೆಯದಕ್ಕೆ 2000ದಲ್ಲಿ ಲಂಡನ್ನಿನಲ್ಲಿ ನಡೆದ ಸ್ಪರ್ಧೆಯೇ ನಿದರ್ಶನ. 1985ರಿಂದ ಜಗಜ್ಜೇತೃವಾಗಿದ್ದ ಗ್ಯಾರಿ ಕಾಸ್ಪರೋವ್ ಆಕ್ರಮಣದಲ್ಲಿ ಅಪ್ರತಿಮರು. ಮಂತ್ರಿಯು ಹಲಗೆಯ ಮೇಲಿದ್ದಷ್ಟು ಕಾಲವೂ ಅವರ ಪ್ರತಿಭೆ ಪ್ರಜ್ವಲಿಸುತ್ತಿತ್ತು. ವ್ಲಾಡಿಮಿರ್ ಕ್ರಾಮ್ನಿಕ್ ಇದನ್ನು ಬಲ್ಲವರಾಗಿ, ಕರಿಯ ಕಾಯಿಗಳನ್ನು ಹಿಡಿದಾಗ ಬರ್ಲಿನ್ ರಕ್ಷಣೆಯೆಂಬ ಹಳೆಯ ಕ್ರಮವನ್ನು ಎತ್ತಿಕೊಂಡರು. ಅದರ ಮುಖ್ಯ ಮಾರ್ಗದಲ್ಲಿ 8ನೆಯ ನಡೆಯ ಹೊತ್ತಿಗೆ ಎರಡೂ ಪಕ್ಷದ ಮಂತ್ರಿಗಳು ಬಿದ್ದುಹೋಗುತ್ತವೆ. ಕರಿಯ ರಾಜನು ಆಶ್ರಯ ಸೇರುವ ಹಕ್ಕನ್ನೇ ಕಳೆದುಕೊಂಡು ನಡುಬಯಲಿನಲ್ಲಿ ನಿಲ್ಲುತ್ತಾನೆ. ಮೇಲೆ ಹೇಳಿದ ಮೂರನೆಯ ನಿಯಮಕ್ಕೆ ಇದು ನೇರ ವಿರೋಧ. ಆದರೆ ಮಂತ್ರಿಗಳೇ ಇಲ್ಲದ ಹಲಗೆಯಲ್ಲಿ ಆ ರಾಜನಿಗೆ ಭಯವಾದರೂ ಯಾರಿಂದ? ಅಪವಾದವು ಪ್ರವರ್ತಿಸುವ ಸ್ಥಳವನ್ನು ಕ್ರಾಮ್ನಿಕ್ ಸರಿಯಾಗಿ ಗುರುತಿಸಿದ್ದರು. ಕಾಸ್ಪರೋವ್ ಆ ಸ್ಪರ್ಧೆಯಲ್ಲಿ ಒಂದು ಆಟವನ್ನೂ ಗೆಲ್ಲಲಾರದೆ 8½–6½ ಅಂಕಗಳಿಂದ ಪಟ್ಟವನ್ನು ಕಳೆದುಕೊಂಡರು. ಆ ಆರಂಭಕ್ಕೆ ಬರ್ಲಿನ್ ಗೋಡೆ ಎಂಬ ಹೆಸರು ನಿಂತಿತು.

ಸಂದರ್ಭದ ಅಗತ್ಯಕ್ಕೆ ಅದೇ ಕಾಸ್ಪರೋವ್ ಅವರೇ ಉದಾಹರಣೆ. 1987ರಲ್ಲಿ ಸ್ಪೇನ್ ದೇಶದ ಸೆವಿಲ್ಲೆಯಲ್ಲಿ ಅನತೊಲಿ ಕಾರ್ಪೋವ್ ಅವರೊಡನೆ ನಡೆದ ಸ್ಪರ್ಧೆಯ ಕೊನೆಯದಾದ 24ನೆಯ ಆಟವನ್ನು ಗೆದ್ದರೆ ಮಾತ್ರ ಅವರಿಗೆ ಪಟ್ಟ ಉಳಿಯುತ್ತಿತ್ತು. ಗೆಲ್ಲಲೇಬೇಕೆಂದಾಗ ಮೊದಲ ನಡೆಯಿಂದಲೇ ಮೇಲೆ ಬೀಳುವುದು ಸಾಮಾನ್ಯರ ರೀತಿ. ಅವರಾದರೋ ಮಂತ್ರಿಯ ಪಕ್ಕದ ಒಂಟೆಯ ಮುಂದಿನ ಪದಾತಿಯನ್ನು ನಡೆಸಿ, ಶಾಂತವಾದ ಇಂಗ್ಲಿಷ್ ಆರಂಭವನ್ನು ಹಿಡಿದು, ಕಾಯಿಗಳನ್ನು ಬೇಗ ವಿನಿಮಯ ಮಾಡಿಕೊಳ್ಳದೆ ಎದುರಾಳಿಯ ಮೇಲೆ ಭಾರವನ್ನು ಮೆಲ್ಲಮೆಲ್ಲನೆ ಹೇರಿದರು. ಗೆದ್ದು, ಸ್ಪರ್ಧೆಯನ್ನು 12–12ರ ಸಮಬಲಕ್ಕೆ ತಂದು ಪಟ್ಟವನ್ನು ಉಳಿಸಿಕೊಂಡರು. ಗೆಲ್ಲಬೇಕೆಂಬ ಆತುರವು ಆರಂಭದಲ್ಲಿ ಕಾಣಿಸಿಕೊಳ್ಳದಂತೆ ನೋಡಿಕೊಂಡುದೇ ಅವರ ವಿವೇಕ.

ತನ್ನ ಸ್ವಭಾವವನ್ನು ಅರಿತು ಅದನ್ನು ಮೀರಿದವರ ಕಥೆ ಇನ್ನೂ ಬೋಧಪ್ರದವಾದುದು. ನಮ್ಮ ವಿಶ್ವನಾಥನ್ ಆನಂದ್ ಅವರು ರಾಜನ ಮುಂದಿನ ಪದಾತಿಯನ್ನು ನಡೆಸಿ ಆಟ ತೊಡಗುವವರೆಂದು ಪ್ರಸಿದ್ಧರು. 2008ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಕ್ರಾಮ್ನಿಕ್ ಅವರನ್ನು ಇದಿರಿಸಿದಾಗ ಆನಂದರು ಮಂತ್ರಿಯ ಮುಂದಿನ ಪದಾತಿಯನ್ನು ನಡೆಸಿದರು. ಬಿಳಿಯ ಕಾಯಿಗಳೊಡನೆ ಆಡಿದ ಆರು ಆಟಗಳಲ್ಲಿ ಐದು ಈ ರೀತಿಯವು. ಎದುರಾಳಿಯು ರಾಜಪದಾತಿಗಾಗಿ ಮಾಡಿಕೊಂಡಿದ್ದ ಸಿದ್ಧತೆಯೆಲ್ಲ ಹೀಗೆ ಬಹುಮಟ್ಟಿಗೆ ನಿರುಪಯುಕ್ತವಾಯಿತು. ಕಡೆಯದಾದ 11ನೆಯ ಆಟದಲ್ಲಿ ಆನಂದರು ತಮ್ಮ ಹಳೆಯ ಪದಾತಿಗೇ ಮರಳಿ, ಬೇಕಾಗಿದ್ದ ಸಮಬಲವನ್ನು ಪಡೆದು, 6½–4½ ಅಂಕಗಳಿಂದ ವಿಜಯಿಯಾದರು.

ಅದೇ ಸ್ಪರ್ಧೆಯ 3ನೆಯ ಮತ್ತು 5ನೆಯ ಆಟಗಳನ್ನು ಅವರು ಕರಿಯ ಕಾಯಿಗಳಿಂದ ಗೆದ್ದರು. ಮೂರನೆಯ ಆಟದಲ್ಲಿ ಮೇರಾನ್ ಎಂಬ ಮಾರ್ಗದಲ್ಲಿ ಒಂಟೆಯನ್ನು ಪಾರ್ಶ್ವಕ್ಕೆ ನಡೆಸಿ, ತೀಕ್ಷ್ಣವಾದ ತೊಡಕಿಗೆ ಎಡೆಮಾಡಿದರು. ಐದನೆಯ ಆಟದಲ್ಲಿ ಕ್ರಾಮ್ನಿಕ್ ಪುನಃ ಅದೇ ದಾರಿಗೆ ಬಂದಾಗ, 15ನೆಯ ನಡೆಯಲ್ಲಿ ಆನಂದರೇ ದಾರಿಯನ್ನು ಬದಲಿಸಿದರು. ಎದುರಾಳಿಯು ಹಿಂದಿನ ಆಟಕ್ಕೆ ಉತ್ತರವನ್ನು ಕಂಡುಕೊಂಡು ಬಂದಿರುವನೆಂಬ ಊಹೆ ಅವರಿಗಿತ್ತೆಂಬುದು ಸ್ಪಷ್ಟ. ಇಂತಹ ಸಿದ್ಧತೆ ಒಬ್ಬರಿಂದ ಆಗತಕ್ಕದ್ದಲ್ಲ. ನೀಲ್ಸನ್, ಕಾಸಿಮ್‌ಜಾನೋವ್, ವೊಯ್ತಾಶೆಕ್ ಅವರೂ ಕಲ್ಕತ್ತೆಯ ಸೂರ್ಯಶೇಖರ ಗಂಗೂಲಿಯವರೂ ಆ ಸ್ಪರ್ಧೆಗೆ ಅವರ ಸಹಾಯಕರಾಗಿದ್ದರು. ಶಾಸ್ತ್ರಾರ್ಥದಲ್ಲಿ ಸಿದ್ಧಾಂತಿಯು ತಾನೇ ಪೂರ್ವಪಕ್ಷವನ್ನು ಎತ್ತಿ, ಅದಕ್ಕೆ ಎಷ್ಟು ಬಲವುಂಟೋ ಅಷ್ಟನ್ನೂ ಕೊಟ್ಟು, ಆಮೇಲೆ ಖಂಡಿಸುವಂತೆ, ಮನೆಯಲ್ಲಿಯೇ ಎದುರಾಳಿಯ ಪಕ್ಷವನ್ನು ವಹಿಸಿ ವಾದಿಸುವುದು ಇಂತಹ ಸಹಾಯಕರ ಕಾರ್ಯ. ದುರ್ಬಲವಾದ ಪೂರ್ವಪಕ್ಷದ ಮೇಲೆ ಕಟ್ಟಿದ ಸಿದ್ಧಾಂತವು ಸಭೆಯಲ್ಲಿ ನಿಲ್ಲದೆಂಬುದು ವಾಕ್ಯಾರ್ಥಗೋಷ್ಠಿಯನ್ನು ಕಂಡವರಿಗೆಲ್ಲ ತಿಳಿದುದೇ.

ಇನ್ನು ನಿರ್ವಹಣೆಯ ವಿಚಾರ. ನಡೆ ಗೊತ್ತಿದ್ದರೆ ಸಾಲದು, ಕ್ರಮವೂ ಗೊತ್ತಿರಬೇಕು. 1997ರಲ್ಲಿ ನ್ಯೂಯಾರ್ಕಿನಲ್ಲಿ ಡೀಪ್ ಬ್ಲೂ ಎಂಬ ಗಣಕಯಂತ್ರದೊಡನೆ ಆಡಿದ 6ನೆಯ ಆಟದಲ್ಲಿ ಕಾಸ್ಪರೋವ್ ತಮ್ಮ ನಿತ್ಯದ ಆಯುಧವಲ್ಲದ ಕಾರೋ–ಕಾನ್ ರಕ್ಷಣೆಯನ್ನು ಹಿಡಿದು, ಆಮೇಲೆ ನಡೆಸಬೇಕಾಗಿದ್ದ ಅಂಚಿನ ಪದಾತಿಯನ್ನು 7ನೆಯ ನಡೆಯಲ್ಲಿಯೇ ಮುಂದಿಟ್ಟರು. ಯಂತ್ರವು ಕುದುರೆಯನ್ನು ಬಲಿಕೊಟ್ಟು ರಾಜನ ನೆಲೆಯನ್ನು ಭೇದಿಸಿತು. ಆಟವು 19 ನಡೆಗಳಲ್ಲಿ ಮುಗಿದುಹೋಯಿತು. ಪದಗಳೆಲ್ಲ ಸರಿಯಾಗಿದ್ದು ಅನ್ವಯ ತಪ್ಪಿದ ವಾಕ್ಯದಂತಾಯಿತು ಆ ಆಟ.

ಸಿದ್ಧಪಾಠವೆಲ್ಲ ಸರಿಯಾಗಿದ್ದರೂ ಗೆಲವು ನಿಶ್ಚಿತವಲ್ಲ. 1918ರಲ್ಲಿ ನ್ಯೂಯಾರ್ಕಿನಲ್ಲಿ ಫ್ರಾಂಕ್ ಮಾರ್ಷಲ್ ಅವರು ಪದಾತಿಯೊಂದನ್ನು ಬಲಿಕೊಡುವ ನೂತನ ಆಕ್ರಮಣವನ್ನು ಕಾಪಾಬ್ಲಾಂಕ ಅವರ ಮೇಲೆ ಪ್ರಯೋಗಿಸಿದರು. ಕಾಪಾಬ್ಲಾಂಕ ಬಲಿಯನ್ನು ಸ್ವೀಕರಿಸಿ, ತಮಗೆ ಹೊಸದಾದ ಆ ತೊಡಕನ್ನು ಹಲಗೆಯ ಮುಂದೆಯೇ ಬಿಡಿಸಿ ಗೆದ್ದರು. ಆದರೂ ಮಾರ್ಷಲ್ ಆಕ್ರಮಣವು ಇಂದಿಗೂ ವಿದ್ವಜ್ಜನಮಾನ್ಯವಾಗಿಯೇ ಉಳಿದಿದೆ. ಆರಂಭವು ನಿರ್ದುಷ್ಟವಾಗಿದ್ದೂ ಆಟವು ಸೋಲಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ. ಇದರ ಇನ್ನೊಂದು ಮುಖವನ್ನು ಪಂಜಾಬಿನ ಮೀರ್ ಸುಲ್ತಾನ್ ಖಾನ್ ಅವರಲ್ಲಿ ಕಾಣಬಹುದು. ದೇಶೀಯ ಚದುರಂಗದಲ್ಲಿ ಪಳಗಿದ್ದ ಅವರಿಗೆ ಪಾಶ್ಚಾತ್ಯರ ಆರಂಭಗ್ರಂಥಗಳ ಪರಿಚಯವು ಅತ್ಯಲ್ಪ. ಹಾಗಿದ್ದೂ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಕಾಪಾಬ್ಲಾಂಕ ಅವರನ್ನೂ ಒಮ್ಮೆ ಸೋಲಿಸಿದರು. ಆರಂಭದಲ್ಲಿ ಹಿಂದೆ ಬಿದ್ದುದನ್ನು ಮಧ್ಯಭಾಗದ ಹಾಗೂ ಅಂತ್ಯಭಾಗದ ತಿಳಿವಿನಿಂದ ತುಂಬಿಕೊಳ್ಳುತ್ತಿದ್ದರು. ಅಂತರರಾಷ್ಟ್ರೀಯ ಸಂಸ್ಥೆಯು 2024ರಲ್ಲಿ ಮರಣೋತ್ತರವಾಗಿ ಅವರಿಗೆ ಗೌರವ ಗ್ರಾಂಡ್‌ಮಾಸ್ಟರ್ ಪದವಿಯನ್ನಿತ್ತಿತು.

ಇಂದು ಗಣಕಯಂತ್ರವು ಮನೆಮನೆಗೂ ಬಂದಿದೆ. ಉತ್ತಮವಾದ ನಡೆ ಯಾವುದೆಂದು ಅದು ಎಲ್ಲರಿಗೂ ಸಮಾನವಾಗಿ ಹೇಳುತ್ತದೆ. ಆದುದರಿಂದಲೇ ಅಗ್ರಶ್ರೇಣಿಯವರು ಅತ್ಯುತ್ತಮವಾದ ನಡೆಗಿಂತ, ದೋಷವಿಲ್ಲದೆಯೂ ಎದುರಾಳಿಯು ನಿರೀಕ್ಷಿಸದ ನಡೆಯನ್ನು ಹುಡುಕುವುದು ಹೆಚ್ಚಾಗಿದೆ. 2013ರಲ್ಲಿ ಚೆನ್ನೈಯಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ ಅವರು ಆನಂದರ ಪ್ರಸಿದ್ಧವಾದ ಸಿದ್ಧತೆಯೊಡನೆ ಸ್ಪರ್ಧೆಗಿಳಿಯದೆ, ಸೌಮ್ಯವಾದ ಆರಂಭಗಳಿಂದ ದೀರ್ಘವಾದ ಆಟಕ್ಕೆ ಎಳೆದು, 6½–3½ ಅಂಕಗಳಿಂದ ಗೆದ್ದರು. 5ನೆಯ ಆಟವು 58 ನಡೆಗಳವರೆಗೆ ನಡೆಯಿತು. 2024ರಲ್ಲಿ ಸಿಂಗಪುರದಲ್ಲಿ ಡಿಂಗ್ ಲಿರೆನ್ ಮೊದಲ ಆಟದಲ್ಲಿಯೇ ಫ್ರೆಂಚ್ ರಕ್ಷಣೆಯನ್ನು ಹಿಡಿದು ನಮ್ಮ ಡಿ. ಗುಕೇಶ್ ಅವರನ್ನು ಸೋಲಿಸಿದರು. 18 ವರ್ಷದ ಗುಕೇಶ್ ಅದರಿಂದ ಎದೆಗೆಡಲಿಲ್ಲ. 3ನೆಯ ಆಟದಲ್ಲಿ ಆ ಋಣವನ್ನು ತೀರಿಸಿ, ಕೊನೆಗೆ 7½–6½ ಅಂಕಗಳಿಂದ ಜಗಜ್ಜೇತೃವಾದರು. ಮೊದಲ ಆಟದ ಆರಂಭವು ಸ್ಪರ್ಧೆಯ ಅಂತ್ಯವನ್ನು ನಿರ್ಣಯಿಸಲಿಲ್ಲವೆಂಬುದು ಗಮನಾರ್ಹ.

ಆರಂಭಶೂರರೆಂಬ ಮಾತು ನಮ್ಮಲ್ಲಿ ನಿಂದೆಯ ಮಾತು. ಹದಿನೈದು ನಡೆಗಳ ಪಾಠವನ್ನು ಒಪ್ಪಿಸಿ, ಹದಿನಾರನೆಯದರಲ್ಲಿ ಕಂಗೆಡುವ ಬಾಲಕನಿಗೆ ಆ ಮಾತು ಅನ್ವಯಿಸುವಂತಾಗಬಾರದು. ಇದರಿಂದ ಬಾಯಿಪಾಠವು ನಿರರ್ಥಕವೆಂದು ತಿಳಿಯತಕ್ಕದ್ದಲ್ಲ. ಅಮರಕೋಶವನ್ನಾಗಲಿ ಶಬ್ದರೂಪಗಳನ್ನಾಗಲಿ ಬಾಲ್ಯದಲ್ಲಿ ಧಾರಣೆ ಮಾಡದವನಿಗೆ ಕಾವ್ಯದ ಬಾಗಿಲು ತೆರೆಯದು. ಧಾರಣೆ ಮಾಡಿ ಅಷ್ಟಕ್ಕೇ ನಿಂತವನು ಬಾಗಿಲಿನಲ್ಲಿಯೇ ಉಳಿಯುತ್ತಾನೆ. ಆದಕಾರಣ ಚದುರಂಗವನ್ನು ಕಲಿಯುವ ನಮ್ಮ ವಿದ್ಯಾರ್ಥಿಗಳು ಬಿಳಿಯ ಪಕ್ಷಕ್ಕೊಂದು, ಕರಿಯ ಪಕ್ಷಕ್ಕೊಂದೆರಡು ಆರಂಭಗಳನ್ನು ಮಾತ್ರ ಆರಿಸಿಕೊಳ್ಳಲಿ. ಪ್ರತಿಯೊಂದು ನಡೆಗೂ 'ಏಕೆ' ಎಂಬ ಪ್ರಶ್ನೆಯನ್ನು ಹಾಕಿ, ಉತ್ತರವನ್ನು ತಮ್ಮ ಮಾತಿನಲ್ಲಿಯೇ ಹೇಳಲು ಕಲಿಯಲಿ. ಅದೇ ಆರಂಭದಿಂದ ಹುಟ್ಟಿದ ಹಿರಿಯರ ಆಟಗಳನ್ನು ಕಡೆಯ ನಡೆಯವರೆಗೂ ಹಲಗೆಯ ಮೇಲೆ ನಡೆಸಿ ನೋಡಲಿ. ಸೋತ ಆಟವನ್ನು ಮರೆಯದೆ ಬರೆದಿಟ್ಟು, ಪಾಠವು ಎಲ್ಲಿ ಮುಗಿಯಿತು, ತಮ್ಮ ಆಲೋಚನೆ ಎಲ್ಲಿ ಮೊದಲಾಯಿತು ಎಂಬುದನ್ನು ಗುರುತಿಸಲಿ. ಆ ಗೆರೆಯಾಚೆಗೆ ಒಂದು ನಡೆಯಷ್ಟು ಹೆಚ್ಚು ದೂರ ಅರ್ಥವರಿತು ಹೋಗಬಲ್ಲವನಾದರೆ, ಅವನ ಅಭ್ಯಾಸವು ಅಷ್ಟರಮಟ್ಟಿಗೆ ಸಾರ್ಥಕವಾಯಿತೆಂದೇ ತಿಳಿಯಬೇಕು.