ತೋಟದ ಹಣ್ಣು, ಕಾವಲಿಯ ಟೋಸ್ಟು: ನೆಂಟರ ಸತ್ಕಾರಕ್ಕೊಂದು ತಿಂಡಿ



ಗೊಬ್ಬರದ ಲೆಕ್ಕ, ಔಷಧಿ ಸಿಂಪರಣೆ, ಸಾಲದ ಕಂತು ಇವುಗಳ ಬಗ್ಗೆಯೇ ಬರೆಯುವ ಕಾರ್ಯದರ್ಶಿ ಈ ಸಲ ಅಡುಗೆಮನೆಗೆ ನುಗ್ಗಿದನೆಂದು ನಗಬೇಡಿ. ವಿಷಯ ತೋಟದ್ದೇ.

ನಮ್ಮಲ್ಲಿ ಯಾರ ತೋಟಕ್ಕೆ ಹೋದರೂ ಕಾಫಿಯ ನಡುವೆಯೋ ಅಡಿಕೆಯ ಬದಿಯಲ್ಲೋ ನಾಲ್ಕಾರು ಹಣ್ಣಿನ ಗಿಡಗಳಿರುತ್ತವೆ. ಬೆಣ್ಣೆಹಣ್ಣು, ಕಿತ್ತಳೆ, ಪೇರಳೆ, ಪಪ್ಪಾಯಿ, ಬಾಳೆ, ಬೇಲಿಯಂಚಿನಲ್ಲಿ ಅನಾನಸು. ಮನೆಯವರು ತಿಂದು ಉಳಿದದ್ದು ಬುಡದಲ್ಲೇ ಬಿದ್ದು ಕೊಳೆಯುತ್ತದೆ. ನೆಂಟರು ಬರುತ್ತಾರೆಂದರೆ ಮಾತ್ರ ಪೇಟೆಗೆ ಜೀಪು ಓಡಿಸಿ ಪಫ್ಸು, ಮಿಕ್ಸ್ಚರು, ಸೇಬು, ದ್ರಾಕ್ಷಿ ಹೊತ್ತು ತರುತ್ತೇವೆ. ನಾನೂ ಹಾಗೆಯೇ ಮಾಡುತ್ತಿದ್ದವನು.

ಕಳೆದ ಶ್ರಾವಣದಲ್ಲಿ ಮಗಳ ನಿಶ್ಚಿತಾರ್ಥ. ಹಿಂದಿನ ದಿನ ಸಂಜೆ ಬೀಗರ ಕಡೆಯವರು, ನಮ್ಮವರು ಸೇರಿ 40 ಮಂದಿ ಬರುವವರಿದ್ದರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು, “ಅಪ್ಪಾ, ಅಲ್ಲಿ ಬೆಣ್ಣೆಹಣ್ಣು ಹಚ್ಚಿದ ಎರಡು ಟೋಸ್ಟಿಗೆ ಒಂದು ಊಟದ ದುಡ್ಡು ತೆಗೆದುಕೊಳ್ಳುತ್ತಾರೆ. ನಮ್ಮಲ್ಲಿ ಮರದಡಿ ರಾಶಿ ಬಿದ್ದಿದೆ. ಅದನ್ನೇ ಮಾಡೋಣ” ಎಂದಳು. ಅಡುಗೆಮನೆಯ ಕೆಲಸ ಹಗುರವಾಗಲಿ ಎಂದು ನಾನೂ ಹೂಂ ಎಂದೆ, ಉಸ್ತುವಾರಿಯನ್ನೂ ವಹಿಸಿಕೊಂಡೆ.

ಮೂರು ಗಂಟೆಗೇ ಎಲ್ಲವನ್ನೂ ಜೋಡಿಸಿ ಇಡಿಸಿದೆ. ಮಳೆಗೆ ದಾರಿಯಲ್ಲಿ ಮರ ಬಿದ್ದು ಬೀಗರು ಬಂದದ್ದು ಐದೂವರೆಗೆ. ಅಷ್ಟರಲ್ಲಿ ಬ್ರೆಡ್ಡು ನೆನೆದು ಮುದ್ದೆಯಾಗಿತ್ತು, ಬೆಣ್ಣೆಹಣ್ಣು ಕಪ್ಪಾಗಿತ್ತು, ಮೊಸರಿನ ಮೇಲಿಟ್ಟ ಅನಾನಸು ಕಹಿಯಾಗಿತ್ತು. ನನ್ನ ಅತ್ತಿಗೆ ಡಬ್ಬಿಯಲ್ಲಿದ್ದ ಕೋಡುಬಳೆ ತಂದಿಟ್ಟು ಮನೆಯ ಮಾನ ಉಳಿಸಿದರು.

ಆಮೇಲೆ ಮೂರ್ನಾಲ್ಕು ಸಲ ಮಾಡಿ ತಿದ್ದಿಕೊಂಡೆವು. ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೂರು ತಪ್ಪುಗಳು, ಮೂರು ಪಾಠಗಳು

ಮೊದಲನೆಯದು ಬ್ರೆಡ್ಡು. ಹೊಸದಕ್ಕಿಂತ ಒಂದು ದಿನ ಹಳೆಯದು ವಾಸಿ. ಅಂಚು ತೆಗೆದು, ಒಂದು ಹೋಳನ್ನು ನಾಲ್ಕು ತುಂಡು ಮಾಡಿ, ಕಾವಲಿಗೆ ತುಪ್ಪ ಸವರಿ ಸಣ್ಣ ಉರಿಯಲ್ಲಿ ಎರಡೂ ಕಡೆ ಗರಿಗರಿಯಾಗುವವರೆಗೆ ಕಾಯಿಸಬೇಕು. ಮೇಲಿನ ತುಪ್ಪ ಹಣ್ಣಿನ ನೀರನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಬಿಸಿ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿದರೆ ಹಬೆಗೆ ಮೆತ್ತಗಾಗುತ್ತವೆ. ಹರಡಿ ಆರಿಸಿ ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚಿಡಿ. ಇಷ್ಟು ಕೆಲಸ ಬೆಳಿಗ್ಗೆಯೇ ಮುಗಿಸಬಹುದು. ಹಣ್ಣು ಏರಿಸುವುದು ಮಾತ್ರ ನೆಂಟರು ಕೈಕಾಲು ತೊಳೆದು ಕುಳಿತ ಮೇಲೆ.

ಎರಡನೆಯದು ಬೆಣ್ಣೆಹಣ್ಣು. ಇದು ಮರದಲ್ಲಿ ಬಲಿಯುತ್ತದೆ, ಹಣ್ಣಾಗುವುದು ಕಿತ್ತ ಮೇಲೆ. ನಾಳೆ ಸಮಾರಂಭವೆಂದು ಇಂದು ಮರ ಹತ್ತಿದರೆ ಪ್ರಯೋಜನವಿಲ್ಲ. ಸುಮಾರು ಒಂದು ವಾರ ಮೊದಲೇ ಬಲಿತ ಕಾಯಿ ಕಿತ್ತು, ಮಾಗಿದ ಬಾಳೆಹಣ್ಣಿನೊಂದಿಗೆ ಹುಲ್ಲಿನಲ್ಲೋ ಕಾಗದದಲ್ಲೋ ಮುಚ್ಚಿಡಿ. ತೊಟ್ಟಿನ ಹತ್ತಿರ ಒತ್ತಿದರೆ ಬೆರಳು ತುಸು ಇಳಿಯಬೇಕು. ಹೆಚ್ಚಿದ ಹಣ್ಣು ಗಾಳಿ ತಾಗಿ ಕಪ್ಪಾಗುವುದನ್ನು ನಿಂಬೆರಸ ನಿಧಾನಗೊಳಿಸುತ್ತದೆ. ಒಲೆಯ ಮೇಲೆ ಬೇಯಿಸಲು ಹೋಗಬೇಡಿ, ಕಹಿ ಬರುತ್ತದೆ.

ಮೂರನೆಯದು ಅನಾನಸು. ಹಸಿ ಅನಾನಸಿನಲ್ಲಿ ಬ್ರೊಮಿಲಿನ್ ಎಂಬ ಕಿಣ್ವವಿದೆ. ಅದು ಹಾಲು, ಮೊಸರಿನ ಪ್ರೋಟೀನನ್ನು ಒಡೆಯುವುದರಿಂದ ಸ್ವಲ್ಪ ಹೊತ್ತಿನಲ್ಲೇ ಕಹಿಯಾಗುತ್ತದೆ. ಕಾವಲಿಯ ಮೇಲೆ ಚೆನ್ನಾಗಿ ಬಿಸಿ ಮಾಡಿದರೆ ಈ ಕಿಣ್ವ ಸಾಯುತ್ತದೆ.

ಖಾರದ ಎರಡು ಬಗೆ

ಎರಡು ದೊಡ್ಡ ಬೆಣ್ಣೆಹಣ್ಣಿನ ತಿರುಳನ್ನು ಕಿವುಚಿ, ಒಂದು ನಿಂಬೆಹಣ್ಣಿನ ರಸ, ಉಪ್ಪು, ಸಣ್ಣಗೆ ಹೆಚ್ಚಿದ ಈರುಳ್ಳಿ, ಎರಡು ಸೂಜಿಮೆಣಸು, ಕೊತ್ತಂಬರಿ ಸೊಪ್ಪು ಬೆರೆಸಿ. ಟೋಸ್ಟಿಗೆ ಹಚ್ಚಿ, ಮೇಲೆ ನಮ್ಮದೇ ಕಾಳುಮೆಣಸನ್ನು ತರಿತರಿಯಾಗಿ ಕುಟ್ಟಿ ಉದುರಿಸಿ. ಸುಮಾರು 30 ತುಂಡಿಗೆ ಸಾಕು.

ಅನಾನಸಿನ ತೆಳು ಬಿಲ್ಲೆಗಳನ್ನು ತುಪ್ಪದಲ್ಲಿ ಎರಡೂ ಕಡೆ ಕಂದುಬಣ್ಣ ಬರುವವರೆಗೆ ಕಾಯಿಸಿ ಆರಲು ಬಿಡಿ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರಿಗೆ ಉಪ್ಪು ಬೆರೆಸಿ ಟೋಸ್ಟಿಗೆ ಹಚ್ಚಿ, ಅನಾನಸಿನ ಚೂರು ಇಟ್ಟು, ಚಿಟಿಕೆ ಮೆಣಸಿನಪುಡಿ ಹಾಕಿ.

ಸಿಹಿಯ ಎರಡು ಬಗೆ

ಬಾಳೆಹಣ್ಣನ್ನು ಬಿಲ್ಲೆಯಾಗಿ ಹೆಚ್ಚಿ ತುಪ್ಪದಲ್ಲಿ ಬಾಡಿಸಿ, ಎರಡು ಚಮಚ ಜೋನಿಬೆಲ್ಲ ಹಾಕಿ ಅಂಟುಪಾಕ ಬಂದ ಕೂಡಲೇ ಇಳಿಸಿ. ಏಲಕ್ಕಿಪುಡಿ, ಹುರಿದ ಕಾಯಿತುರಿ ಉದುರಿಸಿ. ಮಕ್ಕಳ ತಟ್ಟೆ ಮೊದಲು ಖಾಲಿಯಾಗುವುದು ಇದರಿಂದಲೇ.

ಕಿತ್ತಳೆಯ ಕಾಲವಾದರೆ ತೊಳೆಗಳ ಸಿಪ್ಪೆ, ಬೀಜ ತೆಗೆದು, ಜೇನು ಬೆರೆಸಿದ ಗಟ್ಟಿ ಮೊಸರಿನ ಮೇಲಿಡಿ. ರಸ ಹೆಚ್ಚಾದ್ದರಿಂದ ಇದನ್ನು ಎಲ್ಲಕ್ಕಿಂತ ಕೊನೆಗೆ ಜೋಡಿಸಬೇಕು.

ಲೆಕ್ಕ ಮತ್ತು ಎಚ್ಚರಿಕೆ

ತಲೆಗೆ 6 ತುಂಡಿನಂತೆ 40 ಮಂದಿಗೆ 240 ತುಂಡು ಬೇಕು. ಒಂದು ಬ್ರೆಡ್ಡಿನಲ್ಲಿ 16 ಹೋಳೆಂದರೆ 64 ತುಂಡು. ನಾಲ್ಕು ಬ್ರೆಡ್ಡು ಸಾಕು. ಪೇಟೆಯಿಂದ ತರಬೇಕಾದ ಮುಖ್ಯ ಸಾಮಾನು ಇದೊಂದೇ. ಬೋರ್ಡೋ ಸಿಂಪಡಿಸಿದ ತೋಟದ ಹಣ್ಣನ್ನು ಚೆನ್ನಾಗಿ ತೊಳೆಯದೆ ಹೆಚ್ಚಬೇಡಿ. ಬಿದ್ದು ಒಡೆದ ಹಣ್ಣು, ಬಾವಲಿ ಕಚ್ಚಿದ ಹಣ್ಣು ಬೇಡವೇ ಬೇಡ.

ಇದು ಪೇಟೆಯವರ ಶೋಕಿ ಎಂದು ಯಾರಾದರೂ ಮೂಗು ಮುರಿದರೆ ಇಷ್ಟು ಹೇಳಿ. ಇಟಲಿಯಲ್ಲಿ ಕೆಂಡದಲ್ಲಿ ಸುಟ್ಟ ಬ್ರೆಡ್ಡಿಗೆ ಬೆಳ್ಳುಳ್ಳಿ ತಿಕ್ಕಿ ಆಲಿವ್ ಎಣ್ಣೆ ಹಾಕಿ ತಿನ್ನುತ್ತಾರೆ; ಅದರ ಹೆಸರು ಬ್ರುಸ್ಕೆಟ್ಟಾ. ಆಲಿವ್ ಬೆಳೆಯುವವರು ಗಾಣದಿಂದ ಆಗತಾನೆ ಬಂದ ಎಣ್ಣೆಯ ರುಚಿಯನ್ನು ಹೀಗೆ ಬ್ರೆಡ್ಡಿನ ಮೇಲೆ ಹಾಕಿಯೇ ನೋಡುತ್ತಾರೆ. ಅಂದರೆ ಅದೂ ಬೆಳೆಗಾರರ ತಿಂಡಿಯೇ.

ನಾನು ಹೇಳಬೇಕೆಂದಿದ್ದ ಮಾತೂ ಇಲ್ಲಿಯೇ ಇದೆ. ನಮ್ಮ ತಂದೆಯವರ ಕಾಲದಲ್ಲಿ ಕಾಫಿಯನ್ನು ಮಂಡಳಿಯ ಪೂಲಿಗೆ ಕೊಟ್ಟು ಚೀಟಿ ಪಡೆದರೆ ಮುಗಿಯಿತು. ನಮ್ಮ ಕಾಫಿಯ ರುಚಿ ನೋಡಿ ದರ್ಜೆ ಹೇಳುವವರು ಬೇರೆಯವರು. 1990ರ ದಶಕದಲ್ಲಿ ಮಾರುಕಟ್ಟೆ ಮುಕ್ತವಾದಾಗ ನಮ್ಮ ಕಾಫಿಯ ಗುಣ ನಮಗೇ ಹೇಳಲು ಬಾರದೆ ಎಷ್ಟೋ ಮಂದಿ ವ್ಯಾಪಾರಿಯ ಮುಂದೆ ಬಾಯಿಕಟ್ಟಿ ನಿಂತೆವು. ಈಗ ಬೆಣ್ಣೆಹಣ್ಣು ಕೇಳಿಕೊಂಡು ವ್ಯಾಪಾರಿಗಳು ಗೇಟಿನವರೆಗೆ ಬರುತ್ತಿದ್ದಾರೆ. ಯಾವ ಮರದ ಹಣ್ಣಿಗೆ ನಾರು ಕಡಿಮೆ, ಯಾವುದು ಹೆಚ್ಚು ದಿನ ತಾಳುತ್ತದೆ, ಯಾವುದು ನೀರುನೀರು ಎಂಬುದು ತಿಂದು ನೋಡದವನಿಗೆ ಗೊತ್ತಾಗುವುದು ಹೇಗೆ? ಗೊತ್ತಿಲ್ಲದವನು ಬೆಲೆ ಕೇಳುವುದು ಹೇಗೆ? ನಮ್ಮ ತೋಟದ ಮೂರು ಮರಗಳ ವ್ಯತ್ಯಾಸ ನನಗೆ ತಿಳಿದದ್ದು ಈ ಟೋಸ್ಟು ಮಾಡಿದ ಮೇಲೆಯೇ. ಒಳ್ಳೆಯ ಮರಕ್ಕೆ ಸುಣ್ಣದ ಗುರುತು ಹಾಕಿಸಿದ್ದೇನೆ.

ಮುಂದಿನ ಮಹಾಸಭೆಯ ಉಪಾಹಾರಕ್ಕೆ ಇದನ್ನೇ ಮಾಡಿಸಬೇಕೆಂಬುದು ನನ್ನ ಆಸೆ. ಸದಸ್ಯರು ತಮ್ಮ ತಮ್ಮ ಮರದ ನಾಲ್ಕು ನಾಲ್ಕು ಹಣ್ಣು, ಮರದ ಗುರುತು ಬರೆದ ಚೀಟಿಯೊಂದಿಗೆ ತಂದುಕೊಟ್ಟರೆ ರುಚಿ ನೋಡಿದಂತೆಯೂ ಆಯಿತು, ಸಂಘದ ಖರ್ಚು ಉಳಿದಂತೆಯೂ ಆಯಿತು. ಹಣ್ಣನ್ನು ಒಂದು ವಾರ ಮೊದಲೇ ಕೀಳಲು ಮರೆಯಬೇಡಿ.

— ಕಾರ್ಯದರ್ಶಿ