ಹಸಿರು ಟಿಕ್ ಒತ್ತಿದ್ದು ಯಾರು?

ಆನ್‌ಲೈನ್ ಕೋರ್ಸ್ ನಡೆಸುವ ಎನ್‌ಪಿಟಿಇಎಲ್‌ನ ಬೆಂಗಳೂರಿನ ಪರೀಕ್ಷಾ ಕೇಂದ್ರವೊಂದರ ಗೇಟಿನಲ್ಲಿ ಸಿಕ್ಕ ಎಂಜಿನಿಯರಿಂಗ್ ಹುಡುಗ ಏನನ್ನೂ ಮುಚ್ಚಿಡಲಿಲ್ಲ. ವಾರವಾರದ ಅಸೈನ್‌ಮೆಂಟುಗಳಲ್ಲಿ ಹೆಚ್ಚುಕಡಿಮೆ ನೂರಕ್ಕೆ ನೂರು. ‘ಉತ್ತರ ಟೆಲಿಗ್ರಾಂ ಗುಂಪಿಗೇ ಬಂದುಬಿಡತ್ತೆ ಸಾರ್, ಒತ್ತೋದಷ್ಟೇ ನಮ್ಮ ಕೆಲಸ.’ ಒಳಗೆ ಪೇಪರ್ ಹೇಗಿತ್ತಪ್ಪಾ ಎಂದರೆ ನಕ್ಕುಬಿಟ್ಟ.

ಆ ನಗುವನ್ನು ಮೊದಲೇ ಊಹಿಸಿದವರೇ ನಿಯಮ ಬರೆದಂತಿದೆ. ಅಸೈನ್‌ಮೆಂಟಿಗೆ 25 ಅಂಕ. ಹನ್ನೆರಡು ವಾರದ ಕೋರ್ಸಾದರೆ ಚೆನ್ನಾಗಿ ಬಂದ ಎಂಟನ್ನಷ್ಟೇ ಹಿಡಿಯುತ್ತಾರೆ. ಉಳಿದ 75 ಕೇಂದ್ರಕ್ಕೇ ಬಂದು ಬರೆಯುವ ಪರೀಕ್ಷೆಗೆ. ಪ್ರಮಾಣಪತ್ರಕ್ಕೆ ಇತ್ತ 10, ಅತ್ತ 30 ಎರಡೂ ಮುಟ್ಟಬೇಕು. ಟೆಲಿಗ್ರಾಂ ಕೃಪೆ 25ಕ್ಕೇ ಮುಗಿಯಿತು!

ಮಂಗಳೂರು ಮೂಲದ ಅನಂತ್ ಅಗರ್ವಾಲ್ 2012ರಲ್ಲಿ ಎಂಐಟಿಯಿಂದ ಸರ್ಕ್ಯೂಟ್ ಪಾಠ ಆನ್‌ಲೈನಿಗೆ ತಂದಾಗ ಸೇರಿದವರು ಒಂದೂವರೆ ಲಕ್ಷ, ಪಾಸಾದವರು ಏಳು ಸಾವಿರ ಚಿಲ್ಲರೆ. ಸರಿಯುತ್ತರಕ್ಕೆ ಬೀಳುವ ಹಸಿರು ಟಿಕ್ ವಿದ್ಯಾರ್ಥಿಗಳ ಕನಸಿಗೂ ಬರುತ್ತದಂತೆ ಎಂದು ಅವರೇ ಮುಂದೆ ಹೇಳಿಕೊಂಡರು. ಕಲಿಯುವಾಗ ಇದು ಒಳ್ಳೆಯದೇ. ತಪ್ಪಿದರೆ ತಕ್ಷಣ ತಿಳಿಯುತ್ತದೆ. ಅದೇ ಟಿಕ್ಕಿಗೆ ಪ್ರಮಾಣಪತ್ರ ಕಟ್ಟಿದಾಗ ತಕರಾರು ಶುರು.

ಈ ತಕರಾರಿನಲ್ಲಿ ನನಗೆ ಬಲು ಇಷ್ಟವಾದದ್ದು ಜೋಡಿಖಾತೆ ಕಳ್ಳರ ಕಥೆ. ಒಬ್ಬನೇ ಮನುಷ್ಯ, ಎರಡು ಖಾತೆ. ಒಂದರಲ್ಲಿ ಬೇಕೆಂದೇ ತಪ್ಪು ಮಾಡಿ ‘ಉತ್ತರ ತೋರಿಸು’ ಒತ್ತುತ್ತಾನೆ. ಇನ್ನೊಂದರಲ್ಲಿ ಅದನ್ನೇ ಬರೆದು ಮೇಧಾವಿಯಾಗುತ್ತಾನೆ. ಎಂಐಟಿ, ಹಾರ್ವರ್ಡ್ ಸಂಶೋಧಕರು 115 ಕೋರ್ಸ್‌ಗಳ ದಾಖಲೆ ಜಾಲಾಡಿದರು. ಇಲ್ಲಿ ಉತ್ತರ ತೆರೆದ ಬೆನ್ನಿಗೇ ಅಲ್ಲಿ ಸಲ್ಲಿಕೆ, ಅದೂ ಮತ್ತೆ ಮತ್ತೆ: ಹೀಗೆ ಗಡಿಯಾರವೇ ಸಾಕ್ಷಿ ಹೇಳಿತು. ಸಿಕ್ಕಿದ್ದು 1,237 ಪ್ರಮಾಣಪತ್ರ. ಇಪ್ಪತ್ತೋ ಅದಕ್ಕಿಂತ ಹೆಚ್ಚೋ ಪ್ರಮಾಣಪತ್ರ ಪೇರಿಸಿಕೊಂಡವರಲ್ಲಂತೂ ಕಾಲುಭಾಗ ಜನ ಈ ಕಸುಬಿನವರೇ! ರೆಸ್ಯೂಮೆಗಳಲ್ಲಿ ಪ್ರಮಾಣಪತ್ರಗಳ ಸಾಲು ಕಂಡಾಗೆಲ್ಲ ನನಗೆ ಈ ಅಂಕಿ ನೆನಪಾಗುತ್ತದೆ. ಪಾಪ, ಪ್ರಾಮಾಣಿಕರು ಕ್ಷಮಿಸಲಿ.

ಮದ್ದು ಸುಲಭದ್ದೇ. ಗಡುವು ಮುಗಿಯುವವರೆಗೆ ಉತ್ತರ ತೋರಿಸಬಾರದು. ಒಬ್ಬೊಬ್ಬರ ಲೆಕ್ಕಕ್ಕೂ ಬೇರೆ ಬೇರೆ ಸಂಖ್ಯೆ ಕೊಡಬೇಕು. ಪ್ರೋಗ್ರಾಮಿಂಗ್ ಆದರೆ ವಿದ್ಯಾರ್ಥಿಗೆ ಕಾಣದ ಇನ್‌ಪುಟ್‌ಗಳನ್ನು ಕೊಟ್ಟು ಓಡಿಸಿ ನೋಡಬೇಕು. ಪ್ರಬಂಧಗಳನ್ನು ಸಹಪಾಠಿಗಳೇ ತಿದ್ದುವ ಪದ್ಧತಿಯೂ ಇದೆ. ಅಂಕಕ್ಕಿಂತ, ಇನ್ನೊಬ್ಬರದ್ದನ್ನು ಓದಿದ ಲಾಭ ದೊಡ್ಡದು. ಕ್ಯಾಮೆರಾ ಕಾವಲಿನ ಮೇಲೆ ನನಗೆ ನಂಬಿಕೆಯಿಲ್ಲ. ಅದು ಕಣ್ಣು ಎತ್ತ ಹೊರಳಿತೆಂದು ಹೇಳೀತು, ತಲೆಯಲ್ಲಿ ಏನಿದೆಯೆಂದಲ್ಲ.

ಈಗ ಚಾಟ್‌ಜಿಪಿಟಿ ಬರೆದ ಕೋಡ್ ಕಾಣದ ಇನ್‌ಪುಟ್‌ಗಳನ್ನೂ ದಾಟಿಬಿಡುತ್ತದೆ. ಹಾಗಾಗಿ ನನ್ನ ಓಟು ಹಳೆಯ ವೈವಾಕ್ಕೆ, ವಿಡಿಯೊ ಕರೆಯಲ್ಲಾದರೂ ಸರಿ. ‘ಈ ಸಾಲು ಅಳಿಸಿದರೆ ಏನಾಗುತ್ತೆ?’ ಎಂದು ಕೇಳಿದರೆ ಟೆಲಿಗ್ರಾಂ ಕೈಕೊಡುತ್ತದೆ. ತೊಡಕೊಂದೇ: ತಲೆಗೆ ಹತ್ತು ನಿಮಿಷವೆಂದರೂ ಅರವತ್ತು ಮಕ್ಕಳಿಗೆ ಹತ್ತು ಗಂಟೆ. ಹತ್ತು ಸಾವಿರ ಜನ ಸೇರುವ ಕೋರ್ಸಿನಲ್ಲಿ ಅಷ್ಟು ಹೊತ್ತು ಕೂರಲು ಮೇಷ್ಟ್ರುಗಳು ಎಲ್ಲಿದ್ದಾರೆ?