ಮಾಯಸಂದ್ರದಿಂದ ವಿಶ್ವವಿದ್ಯಾನಿಲಯಕ್ಕೆ

ಮಾಯಸಂದ್ರದ ತೆಂಗಿನ ತೋಟಗಳ ನಡುವೆ ಬೆಳೆದ ಅಂಗವಿಕಲ ವಿದ್ಯಾರ್ಥಿಗೆ, 2004ರಲ್ಲಿ ಸ್ಥಾಪಿತವಾದ ತುಮಕೂರು ವಿಶ್ವವಿದ್ಯಾನಿಲಯ ದೂರದ್ದಲ್ಲ. ದೂರವೆನಿಸುವುದು ಮನೆಯವರ ಆಸರೆಯಿಲ್ಲದ ಹೊಸ ಬಾಳು.

2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದಂತೆ, ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5ಕ್ಕೆ ಕಡಮೆಯಿಲ್ಲದಷ್ಟು ಸ್ಥಾನಗಳು, ಶೇಕಡಾ 40 ಅಥವಾ ಅದಕ್ಕೆ ಮೇಲ್ಪಟ್ಟ ಅಂಗವೈಕಲ್ಯವುಳ್ಳವರಿಗೆ ಮೀಸಲು. ವಯೋಮಿತಿಯಲ್ಲಿ 5 ವರ್ಷಗಳ ಸಡಿಲಿಕೆಯೂ ಉಂಟು. ಆದುದರಿಂದ ಅಂಗವೈಕಲ್ಯದ ಪ್ರಮಾಣಪತ್ರವನ್ನು ಪರೀಕ್ಷೆಯ ಫಲಿತಾಂಶಕ್ಕೆ ಮುನ್ನವೇ ಪಡೆದಿಡಬೇಕು.

ಸ್ಥಾನ ದೊರೆತಮಾತ್ರಕ್ಕೆ ಸಿದ್ಧತೆ ಮುಗಿಯದು. ತಂದೆತಾಯಿಗಳು ಮಗನನ್ನೋ ಮಗಳನ್ನೋ ಜೊತೆಗೆ ಕರೆದೊಯ್ದು ತರಗತಿ, ಗ್ರಂಥಾಲಯ, ವಿದ್ಯಾರ್ಥಿನಿಲಯದ ಶೌಚಗೃಹ ಇವೆಲ್ಲವನ್ನೂ ಮೊದಲೇ ನೋಡಿಬರಲಿ. ನೆಲಮಹಡಿಯ ಕೊಠಡಿ, ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವ ಸಹಾಯಕ, ಹೆಚ್ಚಿನ ಕಾಲಾವಕಾಶ — ಅಗತ್ಯವಾದುದನ್ನು ಲಿಖಿತವಾಗಿ ಕೇಳುವುದು ದೈನ್ಯವಲ್ಲ, ಹಕ್ಕು. ಹಾಗೆ ಕೇಳುವ ಹೊಣೆಯನ್ನು ಹಿರಿಯರು ವಿದ್ಯಾರ್ಥಿಗೇ ಬಿಡಲಿ. ಊರು ಬಿಡುವ ಮುನ್ನ ಕಲಿಯಬೇಕಾದ ಮೊದಲ ಪಾಠ ಅದೇ.